ಮೂಗೇಟು



ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಆಹ್ವಾನಿಸಲು ಬಂದವರು, "ಆರೋಗ್ಯದ ಬಗ್ಗೆ ಮಾತಾಡಿ ಮೇಡಂ, ನಮ್ಮ ಹುಡುಗಿಯರಿಗೆ ಉಪಯೋಗಕ್ಕೆ ಬರೋ ಹಾಗೆ" ಎಂದಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಿಲ್ಲಾ ಕೇಂದ್ರಗಳ ಪ್ರಯೋಗಾಲಯಗಳಲ್ಲಿ ಬೇರೆಯವರ ರಕ್ತವನ್ನು ನೋಡುತ್ತ ಬಂದವಳು ನಾನು. ಹೇಳಬೇಕಾದದ್ದು ಬಹಳ ಇತ್ತು. ಕೊನೆಗೆ ಒಂದು ಪದವನ್ನು ಆರಿಸಿಕೊಂಡು ಬಂದಿದ್ದೇನೆ: ಮೂಗೇಟು.

ಪೊಲೀಸ್ ಠಾಣೆಯ ದೂರುಗಳಲ್ಲಿ ಈ ಪದವನ್ನು ನೀವು ಓದಿರುತ್ತೀರಿ. "ಮೈಕೈಗೆ ಮೂಗೇಟಾಗಿರುತ್ತದೆ" ಎಂದು ಬರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಒಳಪೆಟ್ಟು ಎನ್ನುತ್ತಾರೆ, ಇನ್ನು ಕೆಲವು ಕಡೆ ಗುಪ್ತಗಾಯ. ಏಟು ಬಿದ್ದಿದೆ, ಚರ್ಮ ಹರಿದಿಲ್ಲ, ರಕ್ತ ಹೊರಗೆ ಬಂದಿಲ್ಲ. ಗಾಯಕ್ಕೆ ಬಾಯಿಲ್ಲ, ಆದ್ದರಿಂದ ಅದು ಮೂಗ. ಮಾತು ಬಾರದ ಗಾಯ ಎಂದು ಹೆಸರಿಟ್ಟ ನಮ್ಮ ಹಿರಿಯರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತು ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಆದರೆ ನಾನು ಇವತ್ತು ಮಾತಾಡುವುದು ಏಟೇ ಬೀಳದೆ ಆಗುವ ಮೂಗೇಟಿನ ಬಗ್ಗೆ. ಬೆಳಗ್ಗೆ ಸ್ನಾನ ಮಾಡುವಾಗ ತೊಡೆಯ ಮೇಲೆ ಅಂಗೈ ಅಗಲದ ನೀಲಿ ಕಲೆ ಕಾಣುತ್ತದೆ. ಎಲ್ಲಿ ತಗುಲಿತು ಎಂದು ನೆನಪಿಸಿಕೊಂಡರೆ ಏನೂ ನೆನಪಾಗುವುದಿಲ್ಲ. ಹಿಂದೆ ಇಂಥದ್ದಕ್ಕೆ ಗಾಳಿ ಸೋಕಿದೆ ಎಂದು ಹೇಳಿ ತಾಯತ ಕಟ್ಟಿಸುತ್ತಿದ್ದರು. ಈಗ "ಎಲ್ಲೋ ತಗಲಿರಬೇಕು ಬಿಡು" ಎನ್ನುತ್ತಾರೆ. ಎರಡರಲ್ಲೂ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ.

ಒಬ್ಬ ಹುಡುಗಿಯ ಕಥೆಯಿಂದ ಶುರು ಮಾಡುತ್ತೇನೆ. ಹದಿನಾರು ವರ್ಷ, ಪಿಯುಸಿ ಮೊದಲ ವರ್ಷ. ತಾಯಿ ಕರೆದುಕೊಂಡು ಬಂದಿದ್ದರು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ತೋಳಿನ ಮೇಲೆ ಎರಡು, ಮೊಣಕಾಲಿನ ಕೆಳಗೆ ಮೂರ್ನಾಲ್ಕು ಕಲೆ. "ಬಿದ್ದಿದ್ದೀಯೇನಮ್ಮಾ?" ಎಂದು ಕೇಳಿದೆ. "ಎಲ್ಲೂ ಬಿದ್ದಿಲ್ರಿ ಮೇಡಂ, ತಾವs ಬರ್ತಾವ, ತಾವs ಹೋಗ್ತಾವ" ಎಂದಳು. ಪ್ಲೇಟ್‌ಲೆಟ್ ಎಣಿಕೆ ಎರಡೂವರೆ ಲಕ್ಷ, ಅಂದರೆ ಸರಿಯಾಗಿಯೇ ಇತ್ತು. ರಕ್ತಹೀನತೆ ಎಂದು ಬರೆದೆ. ಕಬ್ಬಿಣಾಂಶದ ಮಾತ್ರೆ ಬರೆಸಿ, ಸೊಪ್ಪು ತಿನ್ನು ಎಂದು ಹೇಳಿ ಕಳಿಸಿದೆ. ಆ ಹುಡುಗಿಯನ್ನು ಅರ್ಧಕ್ಕೇ ಕೇಳಿ ಕಳಿಸಿದವಳು ನಾನೇ. ಅವಳು ಮತ್ತೆ ಬರುವುದಕ್ಕೆ ಎಂಟು ತಿಂಗಳು ಹಿಡಿಯಿತು. ಆ ಕಥೆಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಕಲೆ ಎಂದರೇನು ಎಂದು ನೋಡೋಣ. ಮಕ್ಕಳು ಮಂಡಿ ತಗಲಿಸಿಕೊಂಡಾಗ ದಿನಾ ಒಂದು ಸಲ ನೋಡಿ. ಮೊದಲ ದಿನ ಕೆಂಪು, ಸಂಜೆಯ ಹೊತ್ತಿಗೆ ನೇರಳೆ ಹಣ್ಣಿನ ಬಣ್ಣ. ಆಮೇಲೆ ಅಂಚಿನಿಂದ ಹಸಿರು ಹತ್ತುತ್ತದೆ, ನಂತರ ಅರಿಶಿನದ ಹಳದಿ, ಕಡೆಗೆ ತೆಳು ಕಂದು. ಎರಡು ವಾರದಲ್ಲಿ ಮಾಯ. ಒಡೆದ ಕಿರುನಾಳದಿಂದ ಸೋರಿದ ಕೆಂಪು ಕಣಗಳನ್ನು ಚರ್ಮದ ಕೆಳಗಿನ ಭಕ್ಷಕ ಕಣಗಳು ತಿಂದು ಜೀರ್ಣಿಸಿಕೊಳ್ಳುವ ಬಣ್ಣಗಳಿವು. ಹಿಮೋಗ್ಲೋಬಿನ್ ಒಡೆದು ಮೊದಲು ಹಸಿರು ಬಿಲಿವರ್ಡಿನ್ ಆಗುತ್ತದೆ, ಅದು ಹಳದಿ ಬಿಲಿರುಬಿನ್ ಆಗುತ್ತದೆ, ಉಳಿದ ಕಬ್ಬಿಣದ ಅಂಶ ತುಕ್ಕಿನ ಬಣ್ಣದಲ್ಲಿ ಕೆಲವು ದಿನ ನಿಲ್ಲುತ್ತದೆ. ಕಾಮಾಲೆಯಲ್ಲಿ ಕಣ್ಣನ್ನು ಹಳದಿ ಮಾಡುವುದೂ ಇದೇ ಬಿಲಿರುಬಿನ್.

ನಮ್ಮ ಮೈಬಣ್ಣದಲ್ಲಿ ಇದೆಲ್ಲ ಹೀಗೆ ನಿಚ್ಚಳವಾಗಿ ಕಾಣುವುದಿಲ್ಲ. ನಾವು ಓದಿದ ಪುಸ್ತಕಗಳ ಚಿತ್ರಗಳೆಲ್ಲ ಬಿಳಿ ಚರ್ಮದವು. ಎಣ್ಣೆಗಪ್ಪು ಮೈಯ ಮೇಲೆ ಹರಡಿದ ಕಲೆಯನ್ನು ಹಗಲು ಬೆಳಕಿನಲ್ಲಿ, ಮೈ ತಿರುಗಿಸಿ ಹುಡುಕಬೇಕು. ಇಂಥವರಲ್ಲಿ ನಾನು ಮೊದಲು ನೋಡುವುದು ಬಾಯೊಳಗೆ, ಕೆಳರೆಪ್ಪೆಯ ಒಳಗೆ, ಅಂಗೈ ಅಂಗಾಲಿನಲ್ಲಿ. ಇನ್ನೊಂದು ಮಾತು. ನಮ್ಮ ಎಳೆಗೂಸುಗಳ ಸೊಂಟದ ಮೇಲೆ, ಕುಂಡಿಯ ಮೇಲೆ ಹುಟ್ಟಿನಿಂದಲೇ ಇರುವ ನೀಲಿಬೂದು ಮಚ್ಚೆ ಮೂಗೇಟಲ್ಲ. ಅದು ಬಣ್ಣ ಬದಲಿಸುವುದಿಲ್ಲ, ಕೆಲವು ವರ್ಷಗಳಲ್ಲಿ ತಾನೇ ಮಾಸುತ್ತದೆ. ಬಾಣಂತಿಯನ್ನು ಅದಕ್ಕಾಗಿ ಬೈಯುವವರನ್ನು ನಾನು ಕಂಡಿದ್ದೇನೆ.

ನಾಳ ಒಡೆದಾಗ ರಕ್ತವನ್ನು ಮೂರು ಸಂಗತಿಗಳು ಹಿಡಿದು ನಿಲ್ಲಿಸುತ್ತವೆ. ನಾಳದ ಗೋಡೆ ಗಟ್ಟಿಯಿರಬೇಕು. ಪ್ಲೇಟ್‌ಲೆಟ್‌ಗಳು, ನಮ್ಮ ಪಠ್ಯಪುಸ್ತಕಗಳು ಕಿರುತಟ್ಟೆ ಎಂದು ಕರೆಯುವ ಕಣಗಳು, ಓಡಿಬಂದು ತೂತಿಗೆ ಅಂಟಿಕೊಳ್ಳಬೇಕು. ಅವುಗಳ ಮೇಲೆ ಫೈಬ್ರಿನ್ ನೂಲಿನ ಬಲೆ ಹೆಣೆದುಕೊಳ್ಳಬೇಕು. ಬಲೆ ಹೆಣೆಯುವ ಅಂಶಗಳಿಗೆ ರೋಮನ್ ಅಂಕಿಗಳಲ್ಲಿ ಹೆಸರಿಟ್ಟಿದ್ದಾರೆ. ಹದಿಮೂರರವರೆಗೆ ಎಣಿಕೆ ಇದೆ, ಆರನೆಯದು ಮಾತ್ರ ಇಲ್ಲ. ಮೂರರಲ್ಲಿ ಯಾವುದು ಸೋತಿದೆ ಎಂಬುದನ್ನು ಕಲೆಯ ಆಕಾರವೇ ಅರ್ಧ ಹೇಳುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾದರೆ ಕಾಲಿನ ಮೇಲೆ ರಾಗಿ ಚೆಲ್ಲಿದಂತೆ ಕೆಂಪು ಚುಕ್ಕೆಗಳು ಬರುತ್ತವೆ. ಅವುಗಳ ಮೇಲೆ ಗಾಜಿನ ಲೋಟವನ್ನು ಒತ್ತಿ ನೋಡಿ, ಮಾಸುವುದಿಲ್ಲ. ಸೊಳ್ಳೆ ಕಚ್ಚಿದ ಗುಳ್ಳೆ ಮಾಸುತ್ತದೆ. ಹೆಪ್ಪುಗಟ್ಟುವ ಅಂಶ ಕಡಿಮೆಯಾದರೆ ಚುಕ್ಕೆ ಬರುವುದಿಲ್ಲ. ಆಗ ರಕ್ತ ಆಳಕ್ಕೆ, ಮಾಂಸಕ್ಕೆ, ಕೀಲಿಗೆ ಇಳಿಯುತ್ತದೆ, ಮಂಡಿ ಊದಿ ಬಿಸಿಯಾಗುತ್ತದೆ.

ಮಕ್ಕಳಲ್ಲಿ ನಾನು ಅತಿ ಹೆಚ್ಚು ಕಂಡದ್ದು ಐಟಿಪಿ ಎಂಬ ಕಾಯಿಲೆ. ನೆಗಡಿ ಜ್ವರ ಬಂದು ಹೋಗಿ ಎರಡು ಮೂರು ವಾರವಾಗಿರುತ್ತದೆ. ಆಡುತ್ತ ಓಡುತ್ತ ಇರುವ ಮಗುವಿನ ಮೈತುಂಬ ಒಮ್ಮೆಲೇ ಚುಕ್ಕೆ, ಕಲೆ. ಎಣಿಸಿದರೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ ಪ್ಲೇಟ್‌ಲೆಟ್ ಹತ್ತು ಸಾವಿರ. ಜ್ವರದ ವೈರಾಣುವಿನ ಮೇಲೆ ತಯಾರಾದ ಪ್ರತಿಕಾಯಗಳು ತಮ್ಮದೇ ಪ್ಲೇಟ್‌ಲೆಟ್‌ಗಳನ್ನು ಶತ್ರುವೆಂದು ಹಿಡಿಯುತ್ತವೆ. ಈ ಸಂಗತಿಯನ್ನು ಜಗತ್ತಿಗೆ ತೋರಿಸಿದವರು ಅಮೆರಿಕದ ಸೇಂಟ್ ಲೂಯಿಸ್ ನಗರದ ಯುವ ವೈದ್ಯ ವಿಲಿಯಂ ಹ್ಯಾರಿಂಗ್ಟನ್. 1950ರಲ್ಲಿ ಅವರು ಈ ಕಾಯಿಲೆಯಿದ್ದ ಮಹಿಳೆಯೊಬ್ಬರ ರಕ್ತವನ್ನು ತಮ್ಮ ನಾಳಕ್ಕೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ನೆಲಕಚ್ಚಿತು, ಮೈಮೇಲೆ ಚುಕ್ಕೆ ಎದ್ದವು, ಫಿಟ್ಸ್ ಬಂತು. ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಕೆಡಿಸುವ ವಸ್ತು ರೋಗಿಯ ರಕ್ತದಲ್ಲೇ ಇದೆ ಎಂಬುದು ಆ ಒಬ್ಬ ಮನುಷ್ಯನ ಮೈಮೇಲೆ ಸಾಬೀತಾಯಿತು. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೂ ಅವರನ್ನು ನೆನೆದಾಗ ನನಗೆ ಗೌರವ ಮೂಡುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದು ಆರು ತಿಂಗಳೊಳಗೆ ತಾನಾಗಿಯೇ ವಾಸಿಯಾಗುತ್ತದೆ. ದೊಡ್ಡವರಲ್ಲಿ, ಮುಖ್ಯವಾಗಿ ಯುವತಿಯರಲ್ಲಿ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೆಲವರಲ್ಲಿ ಅದರ ಹಿಂದೆ ಲೂಪಸ್ ಎಂಬ ಇನ್ನೊಂದು ಕಾಯಿಲೆ ಅವಿತಿರುತ್ತದೆ.

ಯಂತ್ರ ಕೊಟ್ಟ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಯಂತ್ರಕ್ಕೆ ಗೊಂಚಲು ಕಾಣಿಸುವುದಿಲ್ಲ, ಹದಿನೈದು ಸಾವಿರ ಎಂದು ಬರೆದು ಕೊಡುತ್ತದೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಪಟ್ಟಿಯ ಅಂಚಿನಲ್ಲಿ ಗೊಂಚಲುಗಳು ಸಿಗುತ್ತವೆ. ಅದೇ ಪಟ್ಟಿಯಲ್ಲಿ ಇನ್ನೊಂದು ದಿನ ಬೇರೆಯದೇ ಕಾಣಬಹುದು: ಇರಬಾರದ ದೊಡ್ಡ ಎಳೆಯ ಬಿಳಿ ಕಣಗಳು. ಕಲೆಯ ಜೊತೆಗೆ ಬಿಡದ ಜ್ವರ, ಮುಖ ಬಿಳಿಚಿಕೊಳ್ಳುವುದು, ಕುತ್ತಿಗೆಯಲ್ಲಿ ಗಂಟು, ಮೂಳೆನೋವಿನಿಂದ ಮಗು ನಡೆಯಲು ಒಲ್ಲೆ ಎನ್ನುವುದು, ಇವು ಕೂಡಿದರೆ ರಕ್ತದ ಕ್ಯಾನ್ಸರ್ ಮನಸ್ಸಿಗೆ ಬರಬೇಕು. ನಾನು ಓದುವಾಗ ಇದು ಸಾವಿನ ಸುದ್ದಿಯಾಗಿತ್ತು. ಈಗ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಹೊತ್ತಿಗೆ ಸರಿಯಾಗಿ ತಲುಪಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಗುಣವಾಗಿ ಶಾಲೆಗೆ ಮರಳುತ್ತಾರೆ. ಆ ಚಿಕಿತ್ಸೆಯ ಒಂದು ಮುಖ್ಯ ಔಷಧಿ ವಿನ್‌ಕ್ರಿಸ್ಟಿನ್. ನಮ್ಮ ಅಂಗಳಗಳಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪದಿಂದ ತೆಗೆದದ್ದು ಅದು. ಹಾಗೆಂದು ಗಿಡದ ರಸ ಕುಡಿಸಬೇಡಿ, ಅದು ವಿಷ.

ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಎಂಬ ಪದ ಎಲ್ಲ ಮನೆಗಳಲ್ಲೂ ಕೇಳುತ್ತದೆ. ಡೆಂಗಿ ಬಂದರೆ ನೆಂಟರಿಷ್ಟರು ಅಂಕಿ ಹಿಡಿದು ಓಡಾಡುತ್ತಾರೆ. ನಲವತ್ತು ಸಾವಿರ ಎಂದೊಡನೆ ರಕ್ತನಿಧಿಗೆ ಧಾವಿಸುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ ಹತ್ತು ಸಾವಿರದ ಆಸುಪಾಸಿಗೆ ಇಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸಬೇಕಿಲ್ಲ. ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯುವುದು. ಅದು ಆಗುವುದು ಜ್ವರ ಇಳಿದ ಮೇಲಿನ ಒಂದೆರಡು ದಿನಗಳಲ್ಲಿ, ಮನೆಯವರೆಲ್ಲ ಗಂಡಾಂತರ ಕಳೆಯಿತು ಎಂದುಕೊಂಡಾಗ. ಆ ದಿನಗಳಲ್ಲಿ ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಿಸುವುದು ಉರಿಯುವ ಒಲೆಗೆ ಎಣ್ಣೆ ಸುರಿದಂತೆ. ಮಲೆನಾಡಿನವರಿಗೆ ಮಂಗನ ಕಾಯಿಲೆಯ ಬಗ್ಗೆ ನಾನು ಹೇಳಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ಜ್ವರದಲ್ಲೂ ಒಸಡು, ಮೂಗು, ಕರುಳಿನಿಂದ ರಕ್ತ ಬರುವುದುಂಟು. ಕಾಡಿಗೆ ಹೋಗಿ ಬಂದಿದ್ದರೆ, ಮಂಗ ಸತ್ತದ್ದನ್ನು ಕಂಡಿದ್ದರೆ, ವೈದ್ಯರು ಕೇಳದಿದ್ದರೂ ಅವರ ಮುಂದೆ ಹೇಳಬೇಕು.

ಹಾವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಗದ್ದೆಯಲ್ಲಿ ಕತ್ತಲಲ್ಲಿ ಏನೋ ಚುಚ್ಚಿತು ಎಂದು ಬಂದವರ ಕಾಲಿನ ಕಲೆ ಗಂಟೆ ಗಂಟೆಗೂ ಮೇಲೇರುವುದನ್ನು ನಾನು ನೋಡಿದ್ದೇನೆ. ಕೊಳಕುಮಂಡಲದ ವಿಷ ಹೆಪ್ಪುಗಟ್ಟುವ ಅಂಶಗಳನ್ನೆಲ್ಲ ಕೆರಳಿಸಿ, ಖರ್ಚು ಮಾಡಿ ಮುಗಿಸುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ಒಂದೇ ಸಲ ಓರೆ ಮಾಡಬೇಕು. ರಕ್ತ ಮೊಸರಿನಂತೆ ನಿಂತರೆ ಸರಿ, ನೀರಿನಂತೆ ಹರಿದರೆ ವಿಷ ಏರಿದೆ. ರಾತ್ರಿ ಎರಡು ಗಂಟೆಯಲ್ಲಿ, ಸುತ್ತ ನಿಂತ ಮನೆಯವರು ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಆ ನಳಿಕೆಯನ್ನು ಓರೆ ಮಾಡುವ ಕೈ ನಡುಗದೆ ಇರುವುದು ಕಷ್ಟ.

ಮನೆಯ ಕಪಾಟಿನಲ್ಲೇ ಇರುವ ಕಾರಣಗಳೂ ಇವೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಕವಾಟ ಬದಲಿಸಿದವರಿಗೆ ಕೊಡುವ, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ. ಆಸ್ಪಿರಿನ್ ಮುಟ್ಟಿದ ಪ್ಲೇಟ್‌ಲೆಟ್ ಸಾಯುವವರೆಗೂ, ಎಂದರೆ ಸುಮಾರು ಎಂಟು ಹತ್ತು ದಿನ, ಕೆಲಸಕ್ಕೆ ಬಾರದು. ಕಲೆ ಬಂತೆಂದು ಈ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರನ್ನು ಕೇಳಿ. ವಾರ್ಫರಿನ್ ಹುಟ್ಟಿದ ಕಥೆ ರೈತಾಪಿ ಜನರಾದ ನಮಗೆ ಹತ್ತಿರದ್ದು. 1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮದ ಬಿರುಗಾಳಿಯಲ್ಲಿ, ಸತ್ತ ಹಸುವನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಗಾಡಿಗೆ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞ ಬೂಸಲು ಹಿಡಿದ ಮೇವಿನಲ್ಲಿ ಕಾರಣ ಹುಡುಕಿದರು. ಅದೇ ದಾರಿಯಲ್ಲಿ 1948ರಲ್ಲಿ ವಾರ್ಫರಿನ್ ಇಲಿ ಪಾಷಾಣವಾಗಿ ಅಂಗಡಿಗೆ ಬಂತು, ಆಮೇಲೆ ಮನುಷ್ಯರ ಔಷಧಿಯಾಯಿತು. ಇಂದು ನಮ್ಮ ಗೋದಾಮುಗಳಲ್ಲಿ ಇಡುವ ಇಲಿ ಪಾಷಾಣದ ಬಿಲ್ಲೆಗಳಲ್ಲಿ ಅದರ ವಂಶದ್ದೇ ಆದ, ಅದಕ್ಕಿಂತ ಬಹಳ ತೀಕ್ಷ್ಣವಾದ ಬ್ರೊಮಾಡಿಯೊಲೋನ್ ಇರುತ್ತದೆ. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಆ ದಿನ ಏನೂ ಆಗುವುದಿಲ್ಲ. ಎರಡು ಮೂರು ದಿನದ ಮೇಲೆ ಕಲೆ ಶುರುವಾಗುತ್ತವೆ. ಅಷ್ಟರಲ್ಲಿ ಬಿಲ್ಲೆಯ ಮಾತು ಎಲ್ಲರಿಗೂ ಮರೆತಿರುತ್ತದೆ. ಮದ್ದು ಇದೆ, ವಿಟಮಿನ್ ಕೆ. ಹುಟ್ಟಿದ ಕೂಸಿಗೆ ತೊಡೆಗೆ ಕೊಡುವ ಒಂದು ಮಿಲಿಗ್ರಾಂ ಚುಚ್ಚುಮದ್ದೂ ಇದೇ. ಮನೆಯಲ್ಲಿ ಹೆರಿಗೆಯಾದ ಕೂಸುಗಳಿಗೆ ಅದು ತಪ್ಪಿ, ತಿಂಗಳೊಳಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಬಂದದ್ದನ್ನು ನೋಡಿದವರು ಆ ಸೂಜಿಯನ್ನು ಬೇಡ ಎನ್ನುವುದಿಲ್ಲ.

ಮಂಡಿನೋವಿಗೆ ಸಂತೆಯಲ್ಲಿ ಸಿಗುವ, ಸ್ಟೀರಾಯ್ಡ್ ಬೆರೆಸಿದ ಹೆಸರಿಲ್ಲದ ಪುಡಿ, ಬೆಳ್ಳಗಾಗಲು ಹಚ್ಚುವ ಸ್ಟೀರಾಯ್ಡ್ ಮುಲಾಮು, ಇವು ಚರ್ಮವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿಸುತ್ತವೆ. ವಯಸ್ಸಾದವರ ಮುಂಗೈ ಮೇಲಿನ ಕಲೆಗಳು ಬಹುಪಾಲು ಬರೀ ವಯಸ್ಸಿನವು. ಯಕೃತ್ತು ಕೆಟ್ಟವರಿಗೆ ಕಲೆ ಬರುವುದು ಸಹಜ, ಹೆಪ್ಪುಗಟ್ಟುವ ಅಂಶಗಳು ತಯಾರಾಗುವುದು ಬಹುಮಟ್ಟಿಗೆ ಅಲ್ಲೇ.

ಇನ್ನು ಹುಟ್ಟಿನಿಂದ ಬರುವ ಕಾಯಿಲೆಗಳು. ನನ್ನ ಮನಸ್ಸೆಲ್ಲ ಇಲ್ಲಿಯೇ ಇದೆ. ಹಿಮೋಫಿಲಿಯಾ ಎಂಬ ಹೆಸರನ್ನು ನೀವು ಕೇಳಿದ್ದೀರಿ. ಎಂಟನೆಯ ಅಥವಾ ಒಂಬತ್ತನೆಯ ಅಂಶದ ಕೊರತೆ, ತಾಯಿಯ ಮೂಲಕ ಮಗನಿಗೆ ಬರುತ್ತದೆ. ಕೂಸು ಅಂಬೆಗಾಲಿಡುವಾಗ ಮಂಡಿಯ ಮೇಲೆ, ಎದೆಯ ಮೇಲೆ ಉಬ್ಬಿದ ಕಲೆಗಳು ಬರುತ್ತವೆ. ಲಸಿಕೆ ಹಾಕಿದ ತೊಡೆ ನಿಂಬೆಹಣ್ಣಿನಷ್ಟು ಊದುತ್ತದೆ. ಕಿವಿ ಚುಚ್ಚಿದಾಗ, ಖತ್ನಾ ಮಾಡಿದಾಗ, ಹಾಲುಹಲ್ಲು ಬಿದ್ದಾಗ ರಕ್ತ ನಿಲ್ಲುವುದಿಲ್ಲ. ನಮ್ಮ ಸಂಸ್ಕಾರಗಳೇ ಒಂದೊಂದು ಪರೀಕ್ಷೆ. ಕಿವಿ ಚುಚ್ಚುವ ಅಕ್ಕಸಾಲಿಗನಿಗೂ ಕ್ಷೌರಿಕನಿಗೂ ಯಾವ ಮನೆಯ ರಕ್ತ ನಿಲ್ಲುವುದಿಲ್ಲ ಎಂಬುದು ವೈದ್ಯರಿಗಿಂತ ಮೊದಲೇ ಗೊತ್ತಿರುತ್ತಿತ್ತು. ದಾವಣಗೆರೆಯಲ್ಲಿ ಡಾ. ಸುರೇಶ್ ಹನಗವಾಡಿಯವರು, ಸ್ವತಃ ಹಿಮೋಫಿಲಿಯಾ ಜೊತೆ ಬದುಕುತ್ತಲೇ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದ್ದಾರೆ. ಊದಿದ ಮಂಡಿಗೆ ಮನೆಯಲ್ಲೇ ಅಂಶದ ಚುಚ್ಚುಮದ್ದು ತೆಗೆದುಕೊಳ್ಳಲು ಕಲಿತ ಹುಡುಗರು ಇಂದು ಕೆಲಸಕ್ಕೆ ಹೋಗುತ್ತಾರೆ, ಸಂಸಾರ ಮಾಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಕೂಡ ಸೇರಿದೆ.

ನಮ್ಮ ಸೀಮೆಯಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ. ಅದರಿಂದಾಗಿ ಬೇರೆ ಕಡೆ ಬಹಳ ಅಪರೂಪವಾದ ಕೆಲವು ಕಾಯಿಲೆಗಳು ನಮ್ಮ ಪ್ರಯೋಗಾಲಯಗಳಲ್ಲಿ ಕಾಣಿಸಿಕೊಳ್ಳುತ್ತವೆ. 1918ರಲ್ಲಿ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ಗ್ಲಾಂಝ್ಮನ್ ವಿವರಿಸಿದ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿರುತ್ತದೆ, ಆದರೆ ಒಂದಕ್ಕೊಂದು ಕೈಹಿಡಿಯುವುದಿಲ್ಲ. ಹದಿಮೂರನೆಯ ಅಂಶ ಇಲ್ಲದ ಕೂಸಿಗೆ ಹೊಕ್ಕುಳ ಬಳ್ಳಿ ಉದುರುವಾಗ ರಕ್ತ ಜಿನುಗುತ್ತಲೇ ಇರುತ್ತದೆ, ಹೆಪ್ಪುಗಟ್ಟುವ ಮಾಮೂಲಿ ಪರೀಕ್ಷೆಗಳೆಲ್ಲ ಸರಿ ಇವೆ ಎಂದು ಬರುತ್ತವೆ. ವರದಿ ಸರಿ ಇದೆ ಎಂದು ತಾಯಿಯ ಮಾತನ್ನು ತಳ್ಳಿಹಾಕಿದರೆ ಆ ಕೂಸು ಕೈತಪ್ಪುತ್ತದೆ. ನೆಂಟಸ್ತಿಕೆಯ ಮದುವೆಯಾದವರನ್ನು ಹೀಯಾಳಿಸಲು ನಾನು ಈ ಮಾತು ಹೇಳುತ್ತಿಲ್ಲ. "ನಿಮ್ಮದು ಕಳ್ಳುಬಳ್ಳಿಯೊಳಗಿನ ಮದುವೆಯೇ?" ಎಂದು ಗೌರವದಿಂದ ಕೇಳಿದರೆ ಪರೀಕ್ಷೆಯ ದಾರಿ ಸಿಗುತ್ತದೆ, ಅಷ್ಟೇ.

ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. ಬಾಲ್ಟಿಕ್ ಸಮುದ್ರದಲ್ಲಿ, ಫಿನ್ಲೆಂಡಿಗೆ ಸೇರಿದ ಓಲಂಡ್ ಎಂಬ ದ್ವೀಪಗಳಿವೆ. ಅಲ್ಲಿನ ಫೊಗ್ಲೊ ದ್ವೀಪದಿಂದ 1924ರಲ್ಲಿ ಐದು ವರ್ಷದ ಯೊರ್ಡಿಸ್ ಎಂಬ ಹುಡುಗಿಯನ್ನು ಹೆಲ್ಸಿಂಕಿಗೆ ಕರೆತಂದರು. ಮೂಗು, ತುಟಿ, ಎಲ್ಲಿ ಸಣ್ಣ ಗಾಯವಾದರೂ ರಕ್ತ ನಿಲ್ಲುತ್ತಿರಲಿಲ್ಲ. ಅವಳ ಒಡಹುಟ್ಟಿದವರಲ್ಲಿ ಕೆಲವರು ಆಗಲೇ ರಕ್ತಸ್ರಾವದಿಂದ ತೀರಿಹೋಗಿದ್ದರು. ಎರಿಕ್ ಫಾನ್ ವಿಲಿಬ್ರಾಂಡ್ ಎಂಬ ವೈದ್ಯರು ಆ ಒಂದು ಮಗುವಿಗೇ ನಿಲ್ಲಲಿಲ್ಲ. ಮನೆತನದ 66 ಜನರ ವಿವರ ಕಲೆಹಾಕಿ ವಂಶವೃಕ್ಷ ಬರೆದರು. 23 ಮಂದಿಗೆ ರಕ್ತಸ್ರಾವದ ತೊಂದರೆಯಿತ್ತು, ಅವರಲ್ಲಿ 16 ಜನ ಹೆಂಗಸರು. ಇದು ಗಂಡುಮಕ್ಕಳ ಹಿಮೋಫಿಲಿಯಾ ಅಲ್ಲ, ಬೇರೆಯದೇ ಕಾಯಿಲೆ ಎಂದು 1926ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿದರು. ಯೊರ್ಡಿಸ್ ಹದಿಮೂರನೆಯ ವಯಸ್ಸಿನಲ್ಲಿ, ಮೈನೆರೆದು ನಾಲ್ಕನೆಯ ಮುಟ್ಟಿನಲ್ಲಿ, ರಕ್ತ ನಿಲ್ಲದೆ ಸತ್ತಳು.

ಇಂದು ಫಾನ್ ವಿಲಿಬ್ರಾಂಡ್ ಕಾಯಿಲೆ ಎಂದು ಕರೆಯುವುದು ಇದನ್ನೇ. ಹುಟ್ಟಿನಿಂದ ಬರುವ ರಕ್ತಸ್ರಾವದ ಕಾಯಿಲೆಗಳಲ್ಲಿ ಇದೇ ಅತಿ ಸಾಮಾನ್ಯ. ಪ್ಲೇಟ್‌ಲೆಟ್‌ಗಳನ್ನು ನಾಳದ ಗೋಡೆಗೆ ಅಂಟಿಸುವ ಗೋಂದಿನಂಥ ಒಂದು ಪ್ರೋಟೀನ್ ಕಡಿಮೆ ಇರುತ್ತದೆ ಅಥವಾ ಕೆಟ್ಟಿರುತ್ತದೆ. ಗಂಡಿಗೂ ಹೆಣ್ಣಿಗೂ ಒಂದೇ ಪ್ರಮಾಣದಲ್ಲಿ ಬರುತ್ತದೆ. ಆದರೆ ತಿಂಗಳು ತಿಂಗಳೂ ಅದರ ಸುಂಕ ಕಟ್ಟುವವಳು ಹೆಣ್ಣು. ಎಣಿಕೆ ಸರಿಯಿರುತ್ತದೆ, ಮಾಮೂಲಿ ಪರೀಕ್ಷೆಗಳೂ ಎಷ್ಟೋ ಸಲ ಸರಿಯಿರುತ್ತವೆ. ಕಾಣುವುದು ತೊಡೆಯ ಮೇಲಿನ ಕಲೆ, ಆಗಾಗ ಮೂಗಿನಲ್ಲಿ ರಕ್ತ, ಮತ್ತು ಯಾರೂ ಎಣಿಸದ ಮುಟ್ಟಿನ ರಕ್ತ.

ವಿದ್ಯಾರ್ಥಿನಿಯರೆ, ಇದನ್ನು ನೇರವಾಗಿ ಹೇಳುತ್ತೇನೆ. ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಒಂದೆರಡು ಗಂಟೆಗೇ ಪ್ಯಾಡು ತೋಯ್ದು ಬದಲಿಸಬೇಕಾಗುವುದು, ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಬೀಳುವುದು, ರಾತ್ರಿ ಹಾಸಿಗೆ ಕೆಡುತ್ತದೆಂದು ಎದ್ದು ಕೂರುವುದು ಸಹಜವಲ್ಲ. ಅದರ ಜೊತೆಗೆ ಕಾರಣವಿಲ್ಲದ ಕಲೆಗಳೂ ಇದ್ದರೆ, ಹಲ್ಲು ಕೀಳಿಸಿದಾಗ ರಕ್ತ ದಿನವಿಡೀ ನಿಲ್ಲದಿದ್ದರೆ, ವೈದ್ಯರಿಗೆ ಮೂರನ್ನೂ ಒಟ್ಟಿಗೆ ಹೇಳಿ. ಬಿಡಿಬಿಡಿಯಾಗಿ ಹೇಳಿದರೆ ಮೂರು ಬೇರೆ ಬೇರೆ ಚೀಟಿ ಬರುತ್ತದೆ. ಮದ್ದುಗಳಿವೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಮಾತ್ರೆಯನ್ನು 1960ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಎಂಬ ವೈದ್ಯೆ, ತಮ್ಮ ಪತಿಯ ಜೊತೆಗೂಡಿ. ಹೆರಿಗೆಯಾದ ಮೇಲೆ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಅವರ ಊರಿನ ವೈದ್ಯರು ಅದನ್ನು ಬಾಣಂತಿಯರ ಮೇಲೆ ಪ್ರಯೋಗಿಸಿ ನೋಡಲು ಒಪ್ಪಲಿಲ್ಲ. ಕೊನೆಗೆ 20 ಸಾವಿರ ಬಾಣಂತಿಯರ ಮೇಲೆ ನಡೆದ ಅಧ್ಯಯನ 2017ರಲ್ಲಿ ಹೊರಬಂದು, ಮೂರು ಗಂಟೆಯೊಳಗೆ ಕೊಟ್ಟರೆ ಜೀವ ಉಳಿಯುತ್ತದೆ ಎಂದು ತೋರಿಸಿತು. ಒಕಾಮೊಟೊ 2016ರಲ್ಲಿ ತೀರಿಕೊಂಡಿದ್ದರು.

ಮೂಗೇಟು ಇನ್ನೊಂದು ಕಾರಣಕ್ಕೂ ಮೂಗವಾಗಿರುತ್ತದೆ. ಕಣ್ಣಿನ ಸುತ್ತ ಕಪ್ಪಗಾಗಿ ಬಂದ ಹೆಣ್ಣುಮಗಳು "ಬಚ್ಚಲದಾಗ ಜಾರಿ ಬಿದ್ದೆ" ಎನ್ನುತ್ತಾಳೆ, ಪಕ್ಕದಲ್ಲೇ ಗಂಡ ನಿಂತಿರುತ್ತಾನೆ. ಜಾರಿ ಬಿದ್ದವರಿಗೆ ಮೊಣಕಾಲು, ಮೊಣಕೈ, ಹಣೆ ತಗಲುತ್ತವೆ. ತೋಳಿನ ಒಳಮಗ್ಗುಲು, ಕಿವಿ, ಕುತ್ತಿಗೆ, ಬೆನ್ನು ಅಷ್ಟಾಗಿ ತಗಲುವುದಿಲ್ಲ. ಇನ್ನೂ ಹೊರಳಾಡಲು ಬಾರದ ಕೂಸಿನ ಮೈಮೇಲೆ ಕಲೆ ಕಂಡರೆ ಅದು ಕೂಸು ತಾನೇ ತಗಲಿಸಿಕೊಂಡದ್ದು ಎಂದು ಬಿಡುವಂತಿಲ್ಲ. ಯಾರೋ ನೋಯಿಸಿರಬಹುದು, ಇಲ್ಲವೆ ರಕ್ತದಲ್ಲಿ ದೋಷವಿರಬಹುದು. ಎರಡನ್ನೂ ಹುಡುಕಲೇಬೇಕು. ಒಂದನ್ನು ಮೊದಲೇ ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. ಹಿಮೋಫಿಲಿಯಾ ಇದ್ದ ಮಗುವಿನ ತಂದೆತಾಯಿ ಹೊಡೆದಿದ್ದಾರೆಂಬ ಅನುಮಾನಕ್ಕೆ ಗುರಿಯಾದದ್ದೂ ಉಂಟು. ಬಣ್ಣ ನೋಡಿ ಇದು ಇಷ್ಟೇ ದಿನದ ಕಲೆ ಎಂದು ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಕಿರಿಯ ವೈದ್ಯರು ಪ್ರಮಾಣಪತ್ರ ಬರೆಯುವಾಗ ಇದನ್ನು ನೆನಪಿಡಲಿ. ನಾವು ಮಾಡಬಹುದಾದದ್ದು ಗಂಡನನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಎರಡನೆಯ ಸಲ ಕೇಳುವುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಆಕೆಯ ಜೊತೆಗಿದೆ. ಮೊದಲ ಸಲ ಹೇಳದಿದ್ದವರು ಎರಡನೆಯ ಸಲ ಕೇಳಿದಾಗ ಅತ್ತದ್ದನ್ನು ನಾನು ಕಂಡಿದ್ದೇನೆ.

ಮೊದಲು ಹೇಳಿದ ಹುಡುಗಿ ಎಂಟು ತಿಂಗಳ ಮೇಲೆ ಬಂದಳು. ಹಿಮೋಗ್ಲೋಬಿನ್ ಆರೂವರೆ. ಮಾತ್ರೆಗಳನ್ನು ತಪ್ಪದೆ ನುಂಗಿದ್ದಳು. ಈ ಸಲ ತಾಯಿಯ ಜೊತೆ ಅಜ್ಜಿಯೂ ಬಂದಿದ್ದರು. ನಾನು ಪ್ರಯೋಗಾಲಯದ ಹುಡುಗರನ್ನೆಲ್ಲ ಹೊರಗೆ ಕಳಿಸಿ, ಮುಟ್ಟಿನ ವಿಷಯ ಕೇಳಿದೆ. ಹುಡುಗಿ ತಲೆ ತಗ್ಗಿಸಿದಳು. ತಾಯಿ ಮಗಳ ಮುಖ ನೋಡಿದರು. ಉತ್ತರ ಕೊಟ್ಟವರು ಅಜ್ಜಿ.

"ನಮ್ಮ ಮನ್ಯಾಗ ಹೆಣ್ಮಕ್ಕಳಿಗೆ ಹಂಗs ರೀ ಅವ್ವಾ. ಹತ್ತು ದಿನ ಹೊರಗ ಕೂಡೂದs. ನನಗೂ ಹಂಗs ಇತ್ತು, ಇವರವ್ವಗೂ ಹಂಗs."

ನಾನು ಒಂದು ಹಾಳೆ ತೆಗೆದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೊಂದರೆ ಇದ್ದವರ ವೃತ್ತವನ್ನು ಪೆನ್ನಿನಿಂದ ತುಂಬುತ್ತ ಹೋದೆ. ಹುಡುಗಿ, ತಾಯಿ, ಅಜ್ಜಿ. ತಾಯಿಯ ಅಣ್ಣನಿಗೆ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ನಿಲ್ಲದ್ದು ಈಗ ನೆನಪಾಯಿತು, ಅವರ ಚೌಕವನ್ನೂ ತುಂಬಿದೆ. ತಾಯಿಗೆ ಎರಡನೆಯ ಹೆರಿಗೆಯಲ್ಲಿ ನಾಲ್ಕು ಬಾಟಲಿ ರಕ್ತ ಕೊಟ್ಟಿದ್ದರು, ಏಕೆಂದು ಯಾರೂ ಕೇಳಿರಲಿಲ್ಲ. ರಕ್ತದ ಮಾದರಿಯನ್ನು ಬೆಂಗಳೂರಿಗೆ ಕಳಿಸಿದೆವು. ಫಾನ್ ವಿಲಿಬ್ರಾಂಡ್ ಪ್ರೋಟೀನ್ ಇರಬೇಕಾದ್ದರ ಕಾಲು ಭಾಗಕ್ಕಿಂತ ಕಡಿಮೆಯಿತ್ತು.

ವರದಿ ಬಂದ ದಿನ ಮೂವರೂ ಮತ್ತೆ ಬಂದರು. ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳಬೇಕು, ಯಾವ ನೋವಿನ ಗುಳಿಗೆ ಮುಟ್ಟಬಾರದು, ಶಸ್ತ್ರಚಿಕಿತ್ಸೆಗೆ ಮೊದಲು, ಹೆರಿಗೆಗೆ ಮೊದಲು ಈ ಕಾಗದವನ್ನು ತೋರಿಸಲೇಬೇಕು ಎಂದು ಹುಡುಗಿಗೆ ಬರೆದು ಕೊಟ್ಟೆ. ಅಜ್ಜಿ ಮೇಜಿನ ಮೇಲಿದ್ದ ಹಾಳೆಯನ್ನು ನೋಡುತ್ತಿದ್ದರು. ಅವರಿಗೆ ಓದಲು ಬಾರದು. ಒಂದು ವೃತ್ತದ ಮೇಲೆ ಬೆರಳಿಟ್ಟು "ಇದು ಯಾರು?" ಎಂದರು. "ನೀವು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ನಮ್ಮಕ್ಕ ಒಬ್ಬಾಕಿ ಇದ್ದಳು. ಚೊಚ್ಚಲ ಬಾಣಂತನದಾಗ ಹೋದಳು. ರಕ್ತ ನಿಲ್ಲಲೇ ಇಲ್ಲ. ದೆವ್ವ ಬಡದೈತಿ ಅಂದ್ರು. ಆಕೀನೂ ಬರೀರಿ."

ಅಜ್ಜಿಯ ಎಡಕ್ಕೆ ಒಂದು ವೃತ್ತ ಬರೆದೆ. ತುಂಬಿದೆ. ತೀರಿಹೋದವರೆಂದು ಗುರುತಿಸಲು ಅದರ ಮೇಲೆ ಓರೆಯಾಗಿ ಒಂದು ಗೆರೆ ಎಳೆದೆ. ಹೆಸರೇನು ಎಂದು ಕೇಳಿದೆ, ಅಜ್ಜಿ ಹೇಳಿದರು, ವೃತ್ತದ ಕೆಳಗೆ ಮೊಮ್ಮಗಳು ತನ್ನ ಕೈಯಾರೆ ಬರೆದಳು.